ಘಾಟಿ ಹತ್ತಿದ ಎರಡು ಕಾರುಗಳು

"ಗುರುಗಳೇ, ಹೊಸದಾಗಿ ಬಂದ ಶಿಷ್ಯ ಒಂದು ಸಲ ಕೇಳಿದ ಪಾಠವನ್ನು ಹಾಗೆಯೇ ಒಪ್ಪಿಸುತ್ತಾನೆ. ಹನ್ನೆರಡು ವರ್ಷದಿಂದ ಇಲ್ಲಿರುವ ನನಗೆ ಹತ್ತು ಸಲ ಓದಿದರೂ ತಲೆಗೆ ಹತ್ತುವುದಿಲ್ಲ. ನನ್ನಂಥವನು ಮಠದಲ್ಲಿದ್ದು ಏನು ಪ್ರಯೋಜನ?" ಎಂದು ಚನ್ನವೀರ ಕೇಳಿದ. ಬಟ್ಟೆಯ ಗಂಟು ಆಗಲೇ ಅವನ ಬಗಲಲ್ಲಿತ್ತು.

"ಹೋಗುವೆಯಂತೆ, ಯಾರು ಬೇಡವೆಂದರು? ಒಂದು ಕತೆ ಕೇಳಿ ಹೋಗು," ಎಂದು ಗುರುಗಳು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಅವನ ಹತ್ತಿರ ತಂದೆಯ ಕಾಲದ ಒಂದು ಕಾರಿತ್ತು. ಘಾಟಿ ಹತ್ತುವಾಗ ಅದರ ಇಂಜಿನ್ ಕಾದು ಹಬೆ ಬರುತ್ತಿತ್ತು. ಅರ್ಧ ದಾರಿಯಲ್ಲಿ ನೀರಿನ ತೊಟ್ಟಿಯ ಹತ್ತಿರ ನಿಲ್ಲಿಸಿ, ಆರಲು ಬಿಟ್ಟು, ರೇಡಿಯೇಟರಿಗೆ ನೀರು ಹೊಯ್ದ ಮೇಲೆಯೇ ಮುಂದಿನ ಮಾತು. ವರ್ತಕನಿಗೆ ಸಾಕಾಗಿ ಹೋಯಿತು. ಅತಿವೇಗದ ಹೊಸ ಕಾರು ತಂದ. ಅದರ ಓಟವೇನು, ಬ್ರೇಕೇನು! ಸುಳ್ಳೇಕೆ ಹೇಳಲಿ, ನಿಜವಾಗಿ ಒಳ್ಳೆಯ ಕಾರು.

ಘಾಟಿಯ ಮೇಲಿನ ಗುಡಿಯಲ್ಲಿ ಹೊಸ ಕಾರಿಗೆ ಪೂಜೆ ಇತ್ತು. ವರ್ತಕ ತನ್ನ ಚಾಲಕನಿಗೆ ಹೇಳಿದ: "ನೀನು ಹಳೆಯದನ್ನು ತಾ, ನಾನು ಹೊಸದರಲ್ಲಿ ಬರುತ್ತೇನೆ. ಯಾವುದರ ಯೋಗ್ಯತೆ ಎಷ್ಟೆಂದು ಇವತ್ತೇ ತಿಳಿಯಲಿ. ಸೋತದ್ದು ನಾಳೆ ಗುಜರಿಗೆ."

ಹೊಸ ಕಾರು ಅರ್ಧ ಗಂಟೆಯಲ್ಲಿ ಗುಡಿ ಮುಟ್ಟಿತು. ಹಳೆಯದು ಬರುವಾಗ ಒಂದೂವರೆ ಗಂಟೆ ಕಳೆದಿತ್ತು. ವರ್ತಕ ನಗುತ್ತಾ ಎದುರು ಹೋದ. ಹಳೆಯ ಕಾರಿನಿಂದ ಇಳಿದವಳು ಅವನ ಅಕ್ಕ. ಹೊಸ ಕಾರಿಗೆಂದು ತಂದ ಚೆಂಡುಹೂವಿನ ಹಾರ ಅವಳ ಕೈಯಲ್ಲೇ ಬಾಡಿತ್ತು. ಪಾಪ, ಅವಳು ಬಂದ ಬಸ್ಸು ಘಾಟಿಯಲ್ಲಿ ಕೆಟ್ಟಿತ್ತು. ತೊಟ್ಟಿಯ ಹತ್ತಿರ ಬಿಸಿಲಲ್ಲಿ ನಿಂತವಳನ್ನು ಚಾಲಕ ನೀರು ಹೊಯ್ಯುವಾಗ ಕಂಡು ಹತ್ತಿಸಿಕೊಂಡಿದ್ದ.

"ನಿನ್ನ ಕಾರು ನೋಡಿದೆ ಕಣೋ, ಬಹಳ ಚೆನ್ನಾಗಿದೆ. ನಾನು ಕೈ ಎತ್ತುವಷ್ಟರಲ್ಲಿ ಹೋಗಿಬಿಟ್ಟಿತು," ಎಂದಳು ಅಕ್ಕ.

ವರ್ತಕನ ಮುಖ ಸಣ್ಣದಾಯಿತು. "ಅಯ್ಯೋ ಅಕ್ಕಾ, ಅಷ್ಟು ಒಳ್ಳೆಯ ಬ್ರೇಕ್ ಇತ್ತು. ನಾನೇ ಒತ್ತಲಿಲ್ಲ," ಎಂದು ಅವಳ ಕೈ ಹಿಡಿದು ಅತ್ತುಬಿಟ್ಟ. ಗುಜರಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಕತೆ ಮುಗಿಯಿತು. ಚನ್ನವೀರನಿಗೆ ಜೀವ ಬಂದಂತಾಯಿತು. "ಹಾಗಾದರೆ ಹಳೆಯ ಕಾರೇ ಮೇಲು ಎಂದಾಯಿತಲ್ಲವೇ ಗುರುಗಳೇ?"

"ಅಯ್ಯೋ ಮಂಕೇ, ಅದು ನಿಂತದ್ದು ಬಿಸಿಯಾಗಿ, ಪುಣ್ಯ ಬರಲೆಂದಲ್ಲ," ಎಂದು ಗುರುಗಳು ನಕ್ಕರು. ಆಮೇಲೆ ಮೆಲ್ಲಗೆ ಕೇಳಿದರು:

"ಮೊನ್ನೆ ಆ ಹೊಸ ಶಿಷ್ಯ ಜ್ವರದಲ್ಲಿ ಮಲಗಿದ್ದಾಗ, ಮೂರು ದಿನ ಪಾಠ ಬಿಟ್ಟು ಅವನಿಗೆ ಗಂಜಿ ಕುಡಿಸುತ್ತಾ ಪಕ್ಕದಲ್ಲಿ ಕೂತವನು ನೀನೊಬ್ಬನೇ ಅಲ್ಲವೇನಪ್ಪ?"