ನವಿಲು ಬರೆದ ಜಗಲಿ

ಹಳೇ ಪೇಟೆಯ ಹತ್ತಿ ಮಂಡಿ ಮುಚ್ಚಿಹೋಗಿ, ಆ ಜಾಗದಲ್ಲಿ ಪ್ರಾಣಿಗಳಿಗೆ ಹೊಸ ಮನೆ ಕಟ್ಟುವುದೆಂದು ತೀರ್ಮಾನವಾಯಿತು. ನಕ್ಷೆ ಬರೆಯುವ ಹೊಣೆ ನವಿಲಿನ ಪಾಲಿಗೆ ಬಂತು. ಬೀದಿಯ ಹಳೇ ಮನೆಗಳಿಗೆಲ್ಲ ಜಗಲಿ ಇರುವುದನ್ನು ಕಂಡು ಅದೂ ಮನೆಗೊಂದು ಜಗಲಿ ಬರೆಯಿತು.

ಎದುರು ಮನೆಯ ಮುದಿ ಮೇಕೆ ನಕ್ಷೆ ನೋಡಿ ಕೇಳಿತು: “ಎಲ್ಲ ಚೆನ್ನಾಗಿದೆ ಸ್ವಾಮಿ. ಜಗಲಿಯ ಸುತ್ತ ಕಂಬಿ ಬೇಲಿ ಯಾಕೆ?”

“ದಾರಿಹೋಕರೆಲ್ಲ ಬಂದು ಕೂತರೆ ಅಂದ ಕೆಡುವುದಿಲ್ಲವೆ? ಪೇಟೆಯ ಹಳೇ ಕಳೆ ಉಳಿಯಬೇಕಯ್ಯಾ!”

“ದಾರಿಹೋಕರು ಕೂರಲೆಂದೇ ಅಲ್ಲವೆ ಜಗಲಿ ಕಟ್ಟುತ್ತಿದ್ದುದು?”

“ಅದೆಲ್ಲ ನಿಮ್ಮಜ್ಜನ ಕಾಲಕ್ಕಾಯಿತು,” ಎಂದು ನವಿಲು ಗರಿ ಕೊಡವಿತು.

ಮನೆಗಳೆದ್ದವು. ಜಗಲಿ ಕಾಯಲು ನವಿಲೇ ಒಂದು ನಾಯಿಯನ್ನು ನೇಮಿಸಿತು.

ಗೃಹಪ್ರವೇಶದ ದಿನ ಸುಡು ಬಿಸಿಲು. ಬಂದವರಿಗೆಲ್ಲ ಮನೆ ತೋರಿಸಿ ತೋರಿಸಿ ನವಿಲಿಗೆ ತಲೆ ಸುತ್ತಿ ಬಂತು. ಕಾಲೆಳೆಯುತ್ತ ಜಗಲಿಯ ನೆರಳಿಗೆ ಹೋದರೆ ನಾಯಿ ಗುರ್ರೆಂದಿತು.

“ಲೋ, ಈ ಜಗಲಿ ಬರೆದವನೇ ನಾನು ಕಣೋ!”

“ಗೊತ್ತು ಬುದ್ಧಿ. ಯಾರನ್ನೂ ಕೂರಿಸಬೇಡ ಅಂದವರೂ ತಾವೇ.”

ಎದುರು ಮನೆಯ ಹಳೇ ಜಗಲಿಯ ಮೇಲೆ ಮಲಗಿದ್ದ ಮೇಕೆ ಕೊಂಚ ಸರಿದು ಜಾಗ ಮಾಡಿತು.

“ಬನ್ನಿ ಸ್ವಾಮಿ, ಕೂತ್ಕೊಳ್ಳಿ. ಇದು ನಮ್ಮಜ್ಜನ ಕಾಲದ್ದು.”