ಕಾಗೆ ವಕೀಲರ ಸಂಘದಲ್ಲಿ ಮೊಲದ ದೂರು

ವಿಚಾರಣೆಯ ದಿನ ಮೊಲದ ವಕೀಲ ಕಾಗೆ ತಲೆಹಾಕಲೇ ಇಲ್ಲ. ಮೊಲದ ಬಿಲ ಮುಂಗುಸಿಯ ಪಾಲಾಯಿತು. ಸಿಟ್ಟು ನೆತ್ತಿಗೇರಿದ ಮೊಲ ಆಲದ ಮರದಲ್ಲಿದ್ದ ಕಾಗೆ ವಕೀಲರ ಸಂಘಕ್ಕೆ ಹೋಗಿ ದೂರು ಕೊಟ್ಟಿತು.

“ಕಕ್ಷಿದಾರರ ಹಿತವೇ ನಮ್ಮ ಹಿತ,” ಎಂದರು ಅಧ್ಯಕ್ಷ ಕಾಗೆ. “ಆದರೆ ಇಲ್ಲಿ ವಾದಿಸುವ ಹಕ್ಕು ಕಾಗೆಗಳಿಗೆ ಮಾತ್ರ.”

“ಹಾಗಾದರೆ ನನಗೊಂದು ಕಾಗೆಯನ್ನು ಕೊಡಿ, ಸ್ವಾಮಿ.”

“ಕಾಗೆಯ ವಿರುದ್ಧ ಕಾಗೆ ವಾದಿಸುವ ಪದ್ಧತಿ ನಮ್ಮಲ್ಲಿಲ್ಲವಲ್ಲ!”

ಕೊಂಬೆಗಳ ಮೇಲಿದ್ದ ಸದಸ್ಯರೆಲ್ಲ ಕಾ ಕಾ ಎಂದು ಅನುಮೋದಿಸಿದರು. ಮೊಲದ ಕಿವಿಗಳು ಜೋತುಬಿದ್ದವು.

ಆಗ ಹಿಂದಿನ ಸಾಲಿನಿಂದ ಕೆಂಪು ಕಣ್ಣಿನ ಕರಿಹಕ್ಕಿಯೊಂದು ಎದ್ದು, “ಮೊಲದ ಪರವಾಗಿ ನಾನು ವಾದಿಸುತ್ತೇನೆ,” ಎಂದಿತು. ಅದು ಕೋಗಿಲೆ.

“ನೀನು ಕಾಗೆಯೇ ಅಲ್ಲ!” ಅಧ್ಯಕ್ಷರು ಗದರಿದರು.

“ಅಲ್ಲವೇ? ಹಾಗಾದರೆ ತಮ್ಮ ಗೂಡಿನಲ್ಲಿ ತಾವೇ ತುತ್ತಿಟ್ಟು ಸಾಕಿದ್ದು ಯಾರನ್ನು, ಅಪ್ಪಾಜಿ?”

ಸದಸ್ಯರೆಲ್ಲ ಅಧ್ಯಕ್ಷರತ್ತ ಕತ್ತು ತಿರುಗಿಸಿದರು. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, “ಇವನು ಕಾಗೆಯೇ. ವಾದ ಶುರುವಾಗಲಿ,” ಎಂದರು.

ಮೊಲ ಗೆದ್ದಿತು. ತಪ್ಪು ಮಾಡಿದ ಕಾಗೆಯೇ ಮತ್ತೆ ವಾದಿಸಿ ಬಿಲವನ್ನು ಬಿಡಿಸಿಕೊಡಬೇಕಾಯಿತು.

ಇನ್ನು ಮುಂದೆ ಹೊರಗಿನವರು ನುಸುಳಬಾರದೆಂದು ಸಂಘ ಮರುದಿನವೇ ಮೊಟ್ಟೆ ತಪಾಸಣಾ ಸಮಿತಿಯನ್ನು ನೇಮಿಸಿತು. ಸಮಿತಿಯ ಇಬ್ಬರು ಸದಸ್ಯರ ಕಣ್ಣುಗಳೂ ಕೆಂಪಗಿದ್ದುದನ್ನು ಮೊಲ ನೋಡಿತು. ಯಾರಿಗೂ ಹೇಳಲಿಲ್ಲ.