ಸುಳ್ಳುಗಾರ ಸೀಸೆ

"ಗುರುಗಳೇ, ಅಪ್ಪ ತೀರಿಕೊಂಡು ವರ್ಷವಾಯಿತು. ಅವರು ಕೊನೆಗೆ ತೊಟ್ಟ ಅಂಗಿಯನ್ನು ಒಗೆಯದೆ ಇಟ್ಟುಕೊಂಡಿದ್ದೇನೆ. ಅಗಲಿದವರದು ಏನಾದರೂ ನಮ್ಮ ಬಳಿ ಇದ್ದರೆ ಅವರೇ ಇದ್ದಂತೆ ಅಲ್ಲವೆ?" ಎಂದು ಶಿಷ್ಯ ಕೇಳಿದ.

"ದಿನಾ ಮೂಸುತ್ತೀಯಾ?"

"ಹೌದು."

"ಹಾಗಾದರೆ ಇಷ್ಟರಲ್ಲಿ ಅದು ನಿನ್ನ ಮೂಗಿನ ವಾಸನೆಯನ್ನೇ ಹೊಡೆಯುತ್ತಿರಬೇಕು," ಎಂದು ಗುರುಗಳು ನಕ್ಕರು. "ಒಂದು ಕತೆ ಕೇಳು. ಅರ್ಧ ನಿಜ. ಯಾವ ಅರ್ಧ ಎಂದು ಮಾತ್ರ ಕೇಳಬೇಡ."

ಒಬ್ಬಳು ವಿಜ್ಞಾನಿ ಇದ್ದಳು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಹೊಟ್ಟೆಯೊಳಗೆ ಸದ್ದಿಲ್ಲದೆ ಬೆಳೆಯುತ್ತದೆ, ಕಾಣಿಸಿಕೊಳ್ಳುವಾಗ ಕೈಮೀರಿರುತ್ತದೆ. ಅದನ್ನು ಮೊದಲೇ ರಕ್ತದಲ್ಲಿ ಹಿಡಿಯುವ ಪರೀಕ್ಷೆಯೊಂದನ್ನು ಅವಳು ರೂಪಿಸುತ್ತಿದ್ದಳು. ರೋಗಿಗಳ ರಕ್ತಕ್ಕೆ ಪರೀಕ್ಷೆ 'ಇದೆ' ಎನ್ನಬೇಕು, ಆರೋಗ್ಯವಂತರ ರಕ್ತಕ್ಕೆ 'ಇಲ್ಲ' ಎನ್ನಬೇಕು. ಆರೋಗ್ಯವಂತರ ಸಾಲಿಗೆಂದು ಊರಿನ ಹಲವರು ರಕ್ತ ಕೊಟ್ಟರು. ದರ್ಜಿಯಾಗಿದ್ದ ಅವಳ ಗಂಡನೂ ಕೊಟ್ಟ. ಪಕ್ಷಪಾತ ಆಗಬಾರದೆಂದು ಸೀಸೆಗಳ ಮೇಲೆ ಹೆಸರು ಬರೆದಿರಲಿಲ್ಲ.

ಆ ಸಾಲಿನ ಒಂದು ಸೀಸೆ ಮಾತ್ರ ಪ್ರತಿಸಲವೂ 'ಇದೆ' ಎನ್ನುತ್ತಿತ್ತು.

"ಒಬ್ಬ ಸುಳ್ಳುಗಾರ ಸೇರಿಕೊಂಡಿದ್ದಾನೆ ಕಣ್ರೀ. ನನ್ನ ಪರೀಕ್ಷೆಯ ಮಾನ ತೆಗೆಯುತ್ತಿದ್ದಾನೆ," ಎಂದು ಅವಳು ಊಟಕ್ಕೆ ಕೂತಾಗ ಗೊಣಗಿದಳು.

"ಮನೆಗೆ ಕರಕೊಂಡು ಬಾರೇ. ಅಳತೆ ತೆಗೆದು ನೆಟ್ಟಗೆ ಮಾಡುತ್ತೇನೆ," ಎಂದ ಗಂಡ.

ಆ ಸೀಸೆಯೂ 'ಇಲ್ಲ' ಎನ್ನುವವರೆಗೆ ಅವಳು ಪರೀಕ್ಷೆಯನ್ನು ಬಿಗಿ ಮಾಡಿದಳು. ಅವನು ಜಾರುತ್ತಿದ್ದ ತನ್ನ ಪ್ಯಾಂಟಿನ ಸೊಂಟವನ್ನು ಬಿಗಿ ಮಾಡಿಕೊಂಡ. ಇಬ್ಬರ ಕೆಲಸವೂ ಅಚ್ಚುಕಟ್ಟು.

ಅವನ ಕಣ್ಣು ಹಳದಿಯಾಗಿ, ಅದೇ ಕ್ಯಾನ್ಸರ್ ಎಂದು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ಅವನು ಹೋದ ಮೇಲೆ, ಯಾವ ಸೀಸೆ ಯಾರದೆಂದು ಬಲ್ಲ ಉಗ್ರಾಣದವನು ಬಂದ. "ಅಮ್ಮಾ, ಆರೋಗ್ಯವಂತರ ಸಾಲಿನಿಂದ ಯಜಮಾನರ ಸೀಸೆ ತೆಗೆಯಬೇಕು," ಎಂದು ಸುಳ್ಳುಗಾರನನ್ನೇ ಎತ್ತಿ ಅವಳ ಮುಂದಿಟ್ಟ.

ತಳದಲ್ಲಿ ಇನ್ನೊಂದೇ ಪರೀಕ್ಷೆಗೆ ಆಗುವಷ್ಟು ರಕ್ತ ಉಳಿದಿತ್ತು.

ತಾನು ಹಾಕಿದ್ದ ಬಿಗಿಯನ್ನೆಲ್ಲ ಬಿಚ್ಚಿ ಅವಳು ಪರೀಕ್ಷೆಯನ್ನು ಮತ್ತೆ ಕಟ್ಟಿದಳು. ಅದು ಸರಿಯಾಯಿತೆ ಎಂದು ತಿಳಿಯಬೇಕಾದರೆ, ರೋಗ ಹೊರಗೆ ಕಾಣುವ ಮೊದಲೇ ತೆಗೆದ ರಕ್ತ ಬೇಕು. ಅಂಥದ್ದು ಅವಳ ಬಳಿ ಇದ್ದುದು ಆ ಹನಿಯೊಂದೇ. ಗಂಡನ ಮೈಯದೆಂದು ಉಳಿದಿದ್ದೂ ಅದೇ. ಎಷ್ಟೋ ಸಲ ಅವಳು ಫ್ರೀಜರಿನ ಬಾಗಿಲು ತೆರೆದಳು. "ಊಟ ಆಯ್ತೇನ್ರೀ?" ಎಂದು ಕೇಳಿ ಮುಚ್ಚಿದಳು.

ಗುರುಗಳು ಇಲ್ಲಿಗೆ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚತೊಡಗಿದರು.

ಶಿಷ್ಯನಿಗೆ ತಡೆಯಲಾಗಲಿಲ್ಲ. "ಕೊನೆಗೆ ಅದನ್ನು ಬಳಸಿದಳೋ, ಇಟ್ಟುಕೊಂಡಳೋ?"

"ಬಳಸಿದಳಪ್ಪ, ಪರೀಕ್ಷೆ 'ಇದೆ' ಎಂದಿತು, ಬರಿದಾದ ಸೀಸೆ 'ಇಲ್ಲ' ಎಂದಿತು."